ಕರೆತಂದ ಆಟಗಾರ ಯಾರ ಸೊತ್ತು? ಆನ್‌ಲೈನ್ ಜೂಜಿನ ಕಮಿಷನ್ ಕಲಹ

ಬ್ರಿಟನ್ನಿನ ಹಣಕಾಸು ಸಚಿವೆ ರೇಚೆಲ್ ರೀವ್ಸ್ 2025ರ ನವೆಂಬರ್ 26ರಂದು ಮಂಡಿಸಿದ ಬಜೆಟ್‌ನಲ್ಲಿ ಆನ್‌ಲೈನ್ ಕ್ಯಾಸಿನೊ ಆಟಗಳ ಮೇಲಿನ ತೆರಿಗೆಯನ್ನು ಶೇ 21ರಿಂದ ಶೇ 40ಕ್ಕೆ ಏರಿಸುವ ನಿರ್ಧಾರ ಪ್ರಕಟವಾಯಿತು. ಹೊಸ ದರದ ಜಾರಿಗೆ 2026ರ ಏಪ್ರಿಲ್ 1ನ್ನು ನಿಗದಿಪಡಿಸಲಾಯಿತು. ಜೂಜು ಕಂಪೆನಿಗಳ ಲಾಭಕ್ಕೆ ಇದರಿಂದ ಬೀಳುವ ಹೊಡೆತದ ಬಗ್ಗೆ ಸಾಕಷ್ಟು ಚರ್ಚೆ ನಡೆಯಿತು. ಆದರೆ ಈ ಹೊಡೆತದ ಒಂದು ಪಾಲು ಕಂಪೆನಿಗಳಿಗೆ ಗಿರಾಕಿಗಳನ್ನು ಒದಗಿಸುವ ಮಧ್ಯವರ್ತಿಗಳ ಹೆಗಲಿಗೆ ಸದ್ದಿಲ್ಲದೆ ವರ್ಗವಾಗುತ್ತದೆ ಎಂಬುದು ಅಷ್ಟಾಗಿ ಗಮನಕ್ಕೆ ಬಾರದ ಸಂಗತಿ. ಕಂಪೆನಿಗಳಿಗೂ ಈ ಮಧ್ಯವರ್ತಿಗಳಿಗೂ ನಡುವೆ ಎರಡು ದಶಕಗಳಿಂದ ಹೊಗೆಯಾಡುತ್ತಿರುವ ಕಲಹಕ್ಕೆ ತೆರಿಗೆ ಏರಿಕೆ ಮತ್ತಷ್ಟು ಗಾಳಿ ಊದುವಂತಿದೆ.

ಜೂಜು ತಾಣಗಳಿಗೆ ಆಟಗಾರರನ್ನು ಕರೆತಂದು ಕಮಿಷನ್ ಪಡೆಯುವವರಿಗೆ ಆ ವಹಿವಾಟಿನಲ್ಲಿ ‘ಅಫಿಲಿಯೇಟ್’ ಎಂದು ಹೆಸರು. ಯಾವ ಕ್ಯಾಸಿನೊ ಎಷ್ಟು ಬೋನಸ್ ನೀಡುತ್ತದೆ ಎಂದು ಹೋಲಿಸಿ ತೋರಿಸುವ ತಾಣಗಳು, ಫುಟ್‌ಬಾಲ್ ಪಂದ್ಯಗಳ ಫಲಿತಾಂಶದ ‘ಟಿಪ್ಸ್’ ಕೊಡುವವರು, ಪೋಕರ್ ಕಲಿಸುವವರು, ಟೆಲಿಗ್ರಾಂ ಮತ್ತು ಯೂಟ್ಯೂಬ್ ಚಾನೆಲ್ ನಡೆಸುವವರು ಎಲ್ಲರೂ ಈ ವರ್ಗಕ್ಕೆ ಸೇರಿದವರೇ. ಇವರಲ್ಲಿ ಮನೆಯ ಕೋಣೆಯಲ್ಲಿ ಕುಳಿತು ಒಬ್ಬನೇ ತಾಣ ನಡೆಸುವವನಿದ್ದಾನೆ. ಡೆನ್ಮಾರ್ಕ್‌ನ ಬೆಟರ್ ಕಲೆಕ್ಟಿವ್, 2021ರಲ್ಲಿ ಅಮೆರಿಕದ ನಾಸ್ಡಾಕ್ ಷೇರುಪೇಟೆ ಪ್ರವೇಶಿಸಿದ ಗ್ಯಾಂಬ್ಲಿಂಗ್ ಡಾಟ್ ಕಾಮ್ ಗ್ರೂಪ್‌ನಂತಹ ದೊಡ್ಡ ಸಂಸ್ಥೆಗಳೂ ಇವೆ. ಓದುಗ ಅವರ ತಾಣದಲ್ಲಿರುವ ಕೊಂಡಿಯನ್ನು ಒತ್ತಿ ಜೂಜು ಕಂಪೆನಿಯಲ್ಲಿ ಖಾತೆ ತೆರೆದರೆ, ಆ ಆಟಗಾರನ ಹೆಸರಿನ ಮುಂದೆ ಕರೆತಂದವನ ಗುರುತು ದಾಖಲಾಗುತ್ತದೆ. ಜಗಳವೆಲ್ಲ ಆರಂಭವಾಗುವುದು ಈ ಗುರುತಿನಿಂದಲೇ.

ಕಮಿಷನ್ ನೀಡಿಕೆಯಲ್ಲಿ ಎರಡು ಪದ್ಧತಿಗಳಿವೆ. ಆಟಗಾರನೊಬ್ಬ ಖಾತೆ ತೆರೆದು ಹಣ ಹಾಕಿದೊಡನೆ ತಲೆಗಿಷ್ಟು ಎಂದು ಒಮ್ಮೆಗೇ ಕೊಟ್ಟು ಕೈತೊಳೆದುಕೊಳ್ಳುವುದು ಒಂದು ಬಗೆ. ಆ ಆಟಗಾರನಿಂದ ಕಂಪೆನಿಗೆ ಬರುವ ನಿವ್ವಳ ಆದಾಯದಲ್ಲಿ ತಿಂಗಳು ತಿಂಗಳೂ ಪಾಲು ಕೊಡುವುದು ಇನ್ನೊಂದು. ಎರಡನೆಯ ಪದ್ಧತಿಯಲ್ಲಿ ‘ಜೀವಮಾನ ಪರ್ಯಂತ’ ಎಂಬ ಭರವಸೆಯೂ ಬಹುಕಾಲ ಸೇರಿಕೊಂಡಿತ್ತು. ಕ್ಯಾಸಿನೊದ ಆದಾಯವೆಂದರೆ ಆಟಗಾರ ಸೋತ ಹಣ. ಆದ್ದರಿಂದ ಅವನು ಸೋತಷ್ಟೂ, ಹೆಚ್ಚು ಕಾಲ ಸೋಲುತ್ತ ಹೋದಷ್ಟೂ ಕರೆತಂದವನಿಗೆ ವರಮಾನ. ಕಲಹದ ಎರಡೂ ಪಕ್ಷಗಳು ಬಾಯಿಬಿಟ್ಟು ಹೇಳಲು ಇಷ್ಟಪಡದ ಸತ್ಯ ಇದು.

‘ನಿವ್ವಳ’ದ ಮಾಯೆ

ಒಬ್ಬ ಆಟಗಾರ ಒಂದು ತಿಂಗಳಲ್ಲಿ 1,000 ಪೌಂಡ್ ಸೋತನೆಂದು ಭಾವಿಸಿ. ಅಫಿಲಿಯೇಟ್‌ಗೆ ಶೇ 30ರ ಪಾಲು ಎಂದರೆ 300 ಪೌಂಡ್ ಸಿಗಬೇಕೆಂದು ಹೊರಗಿನವರಿಗೆ ತೋರುತ್ತದೆ. ಆದರೆ ಪಾಲು ಸಿಗುವುದು ಕಡಿತಗಳ ನಂತರ ಉಳಿದದ್ದರಲ್ಲಿ. ಆಟಗಾರನಿಗೆ ಕೊಟ್ಟ ಬೋನಸ್ 200 ಪೌಂಡ್, ಹಣ ಪಾವತಿ ವೆಚ್ಚ 50, ಶೇ 21ರ ತೆರಿಗೆ 210 ಎಂದು ಕಳೆದರೆ ಉಳಿಯುವುದು 540. ಅದರ ಶೇ 30 ಎಂದರೆ 162 ಪೌಂಡ್. ತೆರಿಗೆ ಶೇ 40 ಆದಾಗ ಇದೇ ಲೆಕ್ಕದಲ್ಲಿ ಉಳಿಕೆ 350ಕ್ಕೆ, ಕಮಿಷನ್ 105 ಪೌಂಡಿಗೆ ಇಳಿಯುತ್ತದೆ. ಆಟಗಾರ ಸೋತದ್ದು ಅಷ್ಟೇ, ಒಪ್ಪಂದದಲ್ಲಿನ ಶೇಕಡಾವಾರೂ ಅಷ್ಟೇ. ಆದರೂ ಕರೆತಂದವನ ಪಾಲು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕರಗುತ್ತದೆ. ಇದು ಲೆಕ್ಕ ತಿಳಿಯಲು ಕೊಟ್ಟ ಉದಾಹರಣೆ ಮಾತ್ರ; ಕಡಿತದ ಬಾಬತ್ತುಗಳು ಕಂಪೆನಿಯಿಂದ ಕಂಪೆನಿಗೆ ಬೇರೆ. ಬ್ರಿಟನ್ ತನ್ನ ನಿವಾಸಿಗಳು ಆಡುವ ಆಟಕ್ಕೆ, ಕಂಪೆನಿ ಯಾವ ದೇಶದಲ್ಲೇ ಇರಲಿ, 2014ರ ಡಿಸೆಂಬರ್‌ನಿಂದ ಶೇ 15ರ ತೆರಿಗೆ ಹಾಕಿದಾಗಲೂ, 2019ರಲ್ಲಿ ಅದನ್ನು ಶೇ 21ಕ್ಕೆ ಏರಿಸಿದಾಗಲೂ ಇದೇ ವಿವಾದ ತಲೆಯೆತ್ತಿತ್ತು.

ಅಡಿಕೆ ಮಂಡಿಯಲ್ಲಿ ದಲ್ಲಾಳಿಯ ಮೇಲೆ ರೈತನಿಗೆ ಎಷ್ಟೇ ಅಸಮಾಧಾನ ಇರಲಿ, ತೂಕವಾದರೂ ಕಣ್ಣೆದುರು ನಡೆಯುತ್ತದೆ. ಇಲ್ಲಿ ತಕ್ಕಡಿ ಇರುವುದು ಕಂಪೆನಿಯ ಮುಚ್ಚಿದ ಕೋಣೆಯಲ್ಲಿ. ಅಫಿಲಿಯೇಟ್‌ಗೆ ಕಾಣುವುದು ಕಂಪ್ಯೂಟರ್ ಪರದೆಯ ಮೇಲಿನ ಒಂದಿಷ್ಟು ಅಂಕಿಗಳು: ಇಷ್ಟು ಜನ ಕೊಂಡಿ ಒತ್ತಿದರು, ಇಷ್ಟು ಜನ ಖಾತೆ ತೆರೆದರು, ಇಷ್ಟು ಆದಾಯ ಬಂತು. ಕರೆತಂದ ಆಟಗಾರ ಫೋನಿನಲ್ಲಿ ಕೊಂಡಿ ಒತ್ತಿ ಕಂಪ್ಯೂಟರಿನಲ್ಲಿ ಖಾತೆ ತೆರೆದರೆ ಗುರುತು ತಪ್ಪಿಹೋಗಬಹುದು. ಬ್ರೌಸರಿನಲ್ಲಿ ಕುಳಿತಿರುವ ‘ಕುಕಿ’ಯ ಅವಧಿ ಮುಗಿದಿರಬಹುದು. ಹಲವು ತಿಂಗಳು ಆಡದೆ ಇದ್ದವನನ್ನು ಕಂಪೆನಿಯೇ ಇಮೇಲ್ ಕಳುಹಿಸಿ ಮರಳಿ ಕರೆದರೆ ಅವನು ಆಗ ಯಾರ ಆಟಗಾರ? ಕಂಪೆನಿ ತನ್ನದೇ ಮತ್ತೊಂದು ಹೆಸರಿನ ತಾಣಕ್ಕೆ ಅವನನ್ನು ಬೋನಸ್ ಆಸೆ ತೋರಿಸಿ ಕರೆದೊಯ್ದರೆ? ಕಂಪೆನಿಯನ್ನೇ ಇನ್ನೊಬ್ಬರು ಖರೀದಿಸಿ, ಖಾತೆಗಳನ್ನೆಲ್ಲ ಹೊಸ ತಂತ್ರಾಂಶಕ್ಕೆ ಸಾಗಿಸುವಾಗ ಹಳೆಯ ಗುರುತುಗಳು ಅಳಿಸಿಹೋದರೆ? ಇಂತಹ ಪ್ರತಿ ಪ್ರಶ್ನೆಗೂ ಉತ್ತರ ಕೊಡುವವನು ಕಂಪೆನಿಯ ಸಿಬ್ಬಂದಿ. ಬಹುತೇಕ ಒಪ್ಪಂದಗಳಲ್ಲಿ ‘ಕಂಪೆನಿಯ ದಾಖಲೆಗಳೇ ಅಂತಿಮ’ ಎಂಬ ಷರತ್ತು ಇರುವುದರಿಂದ ಹೊರಗಿನ ಲೆಕ್ಕಪರಿಶೋಧನೆಯ ಮಾತೇ ಬರುವುದಿಲ್ಲ.

ಇನ್ನೊಂದು ತಕರಾರು ಸಾಲದ ಬಾಕಿಯಂತೆ ಮುಂದಿನ ತಿಂಗಳಿಗೆ ಹೊರಿಸುವ ನಷ್ಟದ್ದು. ನಲವತ್ತು ಆಟಗಾರರಲ್ಲಿ ಮೂವತ್ತೊಂಬತ್ತು ಮಂದಿ ಸೇರಿ 4,000 ಪೌಂಡ್ ಸೋತು, ಉಳಿದ ಒಬ್ಬ 30,000 ಗೆದ್ದರೆ ಆ ತಿಂಗಳು ಅಫಿಲಿಯೇಟ್‌ನ ಖಾತೆ 26,000 ಪೌಂಡ್ ಕೆಳಗಿಳಿಯುತ್ತದೆ. ನಷ್ಟವನ್ನು ಮುಂದಕ್ಕೆ ಒಯ್ಯುವ ಷರತ್ತು ಇದ್ದಲ್ಲಿ, ಪ್ರತಿ ತಿಂಗಳು 4,000 ಪೌಂಡ್ ಬರುತ್ತಿದ್ದರೂ ಆರೂವರೆ ತಿಂಗಳು ಅವನಿಗೆ ಬಿಡಿಗಾಸಿಲ್ಲ. ಗೆದ್ದವನು ಹಣ ತೆಗೆದುಕೊಂಡು ಮತ್ತೆ ಆ ಕಡೆ ತಲೆಹಾಕದಿದ್ದರೂ ಬಾಕಿ ಉಳಿದೇ ಇರುತ್ತದೆ. ಸೋಲಿನಲ್ಲಿ ಪಾಲು ಬೇಡಿದವನು ಗೆಲುವಿನ ಹೊರೆಯನ್ನೂ ಹೊರಲಿ ಎಂಬುದು ಕಂಪೆನಿಗಳ ವಾದ. ಅದರಲ್ಲಿ ನ್ಯಾಯವಿಲ್ಲವೆಂದೇನೂ ಹೇಳಲಾಗದು. ಆದರೆ ಕಂಪೆನಿಗೆ ಲಕ್ಷಾಂತರ ಆಟಗಾರರ ನಡುವೆ ಒಬ್ಬನ ಗೆಲುವು ಕರಗಿಹೋಗುತ್ತದೆ. ನಲವತ್ತು ಜನರನ್ನು ತಂದವನಿಗೆ ಕರಗುವುದಿಲ್ಲ.

ಎಂಪೈರ್ ಪ್ರಕರಣ

ಈ ಕಲಹದ ಚರಿತ್ರೆಯಲ್ಲಿ ಅತಿ ದೊಡ್ಡ ಮೊತ್ತದೊಂದಿಗೆ ಮುಗಿದ ಪ್ರಕರಣಗಳಲ್ಲಿ ಒಂದು ನಡೆದದ್ದು ಪೋಕರ್ ಜ್ವರ ಉಚ್ಛ್ರಾಯದಲ್ಲಿದ್ದ ದಿನಗಳಲ್ಲಿ. ಜಿಬ್ರಾಲ್ಟರ್‌ನಿಂದ ನಡೆಯುತ್ತಿದ್ದ ಪಾರ್ಟಿಗೇಮಿಂಗ್ ಕಂಪೆನಿ 2005ರ ಜೂನ್‌ನಲ್ಲಿ ಲಂಡನ್ ಷೇರುಪೇಟೆ ಪ್ರವೇಶಿಸಿ, ಅದೇ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ನೂರು ದೊಡ್ಡ ಕಂಪೆನಿಗಳ ಸೂಚ್ಯಂಕಕ್ಕೆ ಸೇರಿತು. ಅದರ ಪಾರ್ಟಿಪೋಕರ್ ತಾಣದ ಬೆಳವಣಿಗೆಯ ಹಿಂದೆ ಹೊರಗಿನ ಮಾರಾಟಗಾರರ ದುಡಿಮೆ ಇತ್ತು. ಅವರಲ್ಲಿ ಪ್ರಮುಖ, ಲಂಡನ್ನಿನಲ್ಲೇ ಷೇರು ಮಾರಾಟ ಮಾಡಿದ್ದ ಎಂಪೈರ್ ಆನ್‌ಲೈನ್. ಇದು ಎಂಪೈರ್‌ಪೋಕರ್ ಎಂಬ ತನ್ನದೇ ಹೆಸರಿನಲ್ಲಿ ಜನರನ್ನು ಕರೆತರುತ್ತಿತ್ತು. ಅವರು ಕುಳಿತು ಆಡುತ್ತಿದ್ದುದು ಮಾತ್ರ ಪಾರ್ಟಿಯ ಮೇಜುಗಳಲ್ಲಿ. ಅಂಗಡಿಯ ಫಲಕ ಬೇರೆ, ಒಳಗಿನ ಹಜಾರ ಒಂದೇ. ಪೋಕರ್‌ನಲ್ಲಿ ಆಟಗಾರರು ಪರಸ್ಪರ ಸೆಣಸುವುದರಿಂದ ಕಂಪೆನಿಗೆ ಸಿಗುವುದು ಆಟದ ಮೊತ್ತದಿಂದ ಮುರಿದುಕೊಳ್ಳುವ ಪಾಲು. ಹಾಗಾಗಿ ಎಷ್ಟು ಜನ ಒಟ್ಟಿಗೆ ಸೇರಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ.

2005ರ ಅಕ್ಟೋಬರ್‌ನಲ್ಲಿ ಪಾರ್ಟಿ ಈ ಹಜಾರದ ನಡುವೆ ಗೋಡೆ ಎಬ್ಬಿಸಿತು. ಹೊಸ ತಂತ್ರಾಂಶ ಅಳವಡಿಸಿ ತನ್ನ ಸ್ವಂತ ಆಟಗಾರರನ್ನು ಒಂದೆಡೆಗೆ ಒಯ್ದು, ಎಂಪೈರ್ ಮೊದಲಾದ ಪಾಲುದಾರರ ಮೂಲಕ ಬಂದವರನ್ನು ಹಳೆಯ ಕಡೆ ಉಳಿಸಿತು. ಜನಜಂಗುಳಿ ಇಲ್ಲದ ಮೇಜಿನಲ್ಲಿ ಯಾರು ಕೂರುತ್ತಾರೆ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಗೆ ವ್ಯಾಪಾರ ಜಗತ್ತಿನಲ್ಲಿ ಇದಕ್ಕಿಂತ ಒಪ್ಪುವ ನಿದರ್ಶನ ಸಿಗುವುದು ಕಷ್ಟ. ಎಂಪೈರ್ ಒಪ್ಪಂದ ಉಲ್ಲಂಘನೆಯ ದಾವೆ ಹೂಡಿತು. 2006ರ ಫೆಬ್ರುವರಿಯಲ್ಲಿ ರಾಜಿಯಾಗಿ, ಪಾರ್ಟಿಗೇಮಿಂಗ್ 25 ಕೋಟಿ ಡಾಲರ್ ತೆತ್ತು ಎಂಪೈರ್‌ನ ಆ ವ್ಯವಹಾರವನ್ನೇ ಕೊಂಡುಕೊಂಡಿತು. ದಾವೆ ಅಲ್ಲಿಗೆ ಮುಗಿಯಿತು. ಕರೆತಂದ ಆಟಗಾರರಿಗೆ ಬೆಲೆ ಉಂಟು, ಆ ಬೆಲೆ ಕರೆತಂದವನಿಗೂ ಸಲ್ಲಬಹುದು ಎಂದು ತೋರಿಸಿದ ಪ್ರಕರಣ ಇದು. ಆದರೆ ಅದನ್ನು ವಸೂಲು ಮಾಡಲು ಷೇರುಪೇಟೆಯ ಬಲ, ವಕೀಲರ ಪಡೆ ಬೇಕಾಯಿತು ಎಂಬುದನ್ನು ಮರೆಯುವಂತಿಲ್ಲ. ಇಂತಹ ಬಲವಿಲ್ಲದ ಸಣ್ಣ ಅಫಿಲಿಯೇಟ್, ಜಿಬ್ರಾಲ್ಟರ್ ಇಲ್ಲವೇ ಮಾಲ್ಟಾದ ಕಾನೂನಿಗೆ ಒಳಪಟ್ಟ ಒಪ್ಪಂದವನ್ನು ಹಿಡಿದು ಕೆಲವು ಸಾವಿರ ಪೌಂಡ್‌ಗಳಿಗಾಗಿ ಅಲ್ಲಿನ ನ್ಯಾಯಾಲಯದ ಮೆಟ್ಟಿಲೇರುವುದು ಕನಸಿನ ಮಾತು.

ರಾಜಿಯಾಗಿ ಎಂಟು ತಿಂಗಳಾಗುವಷ್ಟರಲ್ಲಿ ಪಾರ್ಟಿ ಕೊಂಡದ್ದರ ಬಹುಪಾಲು ನೀರುಪಾಲಾಯಿತು. ಜೂಜು ತಾಣಗಳಿಗೆ ಹಣ ರವಾನೆಯನ್ನು ತಡೆಯುವ ಕಾನೂನಿಗೆ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ 2006ರ ಅಕ್ಟೋಬರ್ 13ರಂದು ಸಹಿ ಹಾಕಿದರು. ಸಂಸತ್ತಿನಲ್ಲಿ ಮಸೂದೆ ಅಂಗೀಕಾರವಾದ ಸುದ್ದಿಗೇ ಅಕ್ಟೋಬರ್ 2ರಂದು ಪಾರ್ಟಿಗೇಮಿಂಗ್ ಷೇರು ಒಂದೇ ದಿನ ಶೇ 58ರಷ್ಟು ಕುಸಿದಿತ್ತು. ಕಂಪೆನಿ ಅಮೆರಿಕದ ಆಟಗಾರರಿಗೆ ಬಾಗಿಲು ಮುಚ್ಚಿತು. ಅವರನ್ನು ಕರೆತಂದಿದ್ದ ಅಫಿಲಿಯೇಟ್‌ಗಳ ‘ಜೀವಮಾನ’ದ ಪಾಲಿನ ಆಯಸ್ಸೂ ಅಂದಿಗೇ ತೀರಿತು.

ಕಾನೂನಿನ ಒತ್ತಡವಿಲ್ಲದೆಯೂ ಜೀವಮಾನ ತೀರಿಹೋಗುವುದುಂಟು. ಆಗ ಜಗತ್ತಿನ ಅತಿ ದೊಡ್ಡ ಪೋಕರ್ ತಾಣವಾಗಿದ್ದ ಪೋಕರ್‌ಸ್ಟಾರ್ಸ್ 2014ರಲ್ಲಿ ಕೆನಡಾದ ಅಮಾಯಾ ಕಂಪೆನಿಯ ಕೈಗೆ ಹೋದ ಮರುವರ್ಷ, ಎರಡು ವರ್ಷಕ್ಕೂ ಹಿಂದೆ ಕರೆತಂದ ಆಟಗಾರರ ಮೇಲಿನ ಕಮಿಷನ್ ಇನ್ನಿಲ್ಲ ಎಂದು ಅಫಿಲಿಯೇಟ್‌ಗಳಿಗೆ ತಿಳಿಸಿತು. ಇಂತಹ ಒಪ್ಪಂದಗಳಲ್ಲಿ ‘ಷರತ್ತುಗಳನ್ನು ಯಾವಾಗ ಬೇಕಾದರೂ ಬದಲಿಸುವ ಹಕ್ಕು ಕಂಪೆನಿಗಿದೆ’ ಎಂಬ ಸಾಲು ಸಾಮಾನ್ಯ. ಜೂಜು ಆಡುವವನಿಗೆ ಬ್ರಿಟನ್ನಿನಲ್ಲಿ ಗ್ರಾಹಕ ಹಕ್ಕಿನ ಕಾನೂನಿನ ಆಸರೆಯಿದೆ. ತಾಂತ್ರಿಕ ದೋಷದ ನೆಪ ಹೇಳಿ ಸುಮಾರು 17 ಲಕ್ಷ ಪೌಂಡ್ ಗೆಲುವನ್ನು ಕೊಡಲು ನಿರಾಕರಿಸಿದ ಬೆಟ್‌ಫ್ರೆಡ್ ಕಂಪೆನಿಯ ವಿರುದ್ಧ ಆಟಗಾರನೊಬ್ಬ 2021ರಲ್ಲಿ ಲಂಡನ್ ಹೈಕೋರ್ಟಿನಲ್ಲಿ ಗೆದ್ದದ್ದು ಕಣ್ಣಿಗೆ ಕಾಣದಂತೆ ಹುದುಗಿಸಿಟ್ಟ ಷರತ್ತುಗಳನ್ನು ನ್ಯಾಯಾಲಯ ಒಪ್ಪದ ಕಾರಣ. ಅಫಿಲಿಯೇಟ್ ಗ್ರಾಹಕನಲ್ಲ, ವ್ಯಾಪಾರಿ. ಸಹಿ ಮಾಡುವ ಮುನ್ನ ಓದಬೇಕಾಗಿತ್ತು ಎಂಬ ಒಂದೇ ಮಾತಿನಲ್ಲಿ ಅವನ ದೂರು ಮುಗಿಯುತ್ತದೆ.

ಕಂಪೆನಿಗಳ ದೂರು

ದೂರುಗಳು ಒಂದೇ ಕಡೆಯವು ಎಂದು ಭಾವಿಸಿದರೆ ತಪ್ಪಾದೀತು. ತಲೆಗಿಷ್ಟು ಎಂಬ ಪದ್ಧತಿಯಲ್ಲಿ ನಕಲಿ ಖಾತೆಗಳನ್ನು ತೆರೆಸಿ, ಕನಿಷ್ಠ ಮೊತ್ತ ಹಾಕಿಸಿ ಕಮಿಷನ್ ಬಾಚಿಕೊಳ್ಳುವವರು ಇದ್ದಾರೆ. ತಾನೇ ತನ್ನ ಕೊಂಡಿಯಿಂದ ಖಾತೆ ತೆರೆದುಕೊಳ್ಳುವವರು, ಬೋನಸ್ ನುಂಗಿ ಮಾಯವಾಗುವ ತಂಡಗಳನ್ನು ಕರೆತರುವವರು, ಗೂಗಲ್‌ನಲ್ಲಿ ಕಂಪೆನಿಯದೇ ಹೆಸರಿನ ಮೇಲೆ ಜಾಹೀರಾತು ಹಾಕಿ ಹೇಗೂ ಬರಲಿದ್ದ ಗಿರಾಕಿಯನ್ನು ‘ನಾನು ತಂದೆ’ ಎನ್ನುವವರು ಕೂಡ ಕಡಿಮೆಯಿಲ್ಲ. ಕಮಿಷನ್ ತಡೆಹಿಡಿದಾಗ ಕಂಪೆನಿಗಳು ಮುಂದಿಡುವ ಕಾರಣ ಇದೇ. ಸಾಚಾ ಅಫಿಲಿಯೇಟ್‌ಗೂ ವಂಚಕನಿಗೂ ಒಂದೇ ಬಗೆಯ ಎರಡು ಸಾಲಿನ ಇಮೇಲ್ ಹೋಗುತ್ತದೆ, ಸಾಕ್ಷ್ಯ ಮಾತ್ರ ಹೋಗುವುದಿಲ್ಲ.

2017ರಲ್ಲಿ ಬ್ರಿಟನ್ನಿನಲ್ಲಿ ಈ ಸಂಬಂಧದ ಸ್ವರೂಪವೇ ಬದಲಾಯಿತು. ಸಾಲದಲ್ಲಿ ಮುಳುಗಿದ, ಪತ್ನಿಯ ಅನಾರೋಗ್ಯದಿಂದ ಕಂಗೆಟ್ಟ ವ್ಯಕ್ತಿಯೊಬ್ಬ ಆನ್‌ಲೈನ್ ಕ್ಯಾಸಿನೊದಲ್ಲಿ ಗೆದ್ದು ಉದ್ಧಾರವಾದನೆಂಬ ಕಟ್ಟುಕತೆಯನ್ನು ಸುದ್ದಿಯಂತೆ ಪ್ರಕಟಿಸಿದ ಅಫಿಲಿಯೇಟ್ ಜಾಹೀರಾತಿನ ವಿರುದ್ಧ ಅಲ್ಲಿನ ಜಾಹೀರಾತು ಮಾನದಂಡ ಪ್ರಾಧಿಕಾರ ತೀರ್ಪು ನೀಡಿತು. ಲ್ಯಾಡ್‌ಬ್ರೋಕ್ಸ್, 888, ಸ್ಕೈ ಬೆಟ್‌ನಂತಹ ಪ್ರತಿಷ್ಠಿತ ಕಂಪೆನಿಗಳು ಇದಕ್ಕೆ ಉತ್ತರದಾಯಿಗಳಾದವು. ಅದೇ ವರ್ಷದ ಮೇ ತಿಂಗಳಲ್ಲಿ ಜೂಜು ಆಯೋಗ ದಾರಿತಪ್ಪಿಸುವ ಜಾಹೀರಾತಿಗಾಗಿ ಬಿಜಿಒ ಕಂಪೆನಿಗೆ 3 ಲಕ್ಷ ಪೌಂಡ್ ದಂಡ ಹಾಕಿತ್ತು. 2018ರಲ್ಲಿ ಲಿಯೋವೇಗಾಸ್ 6 ಲಕ್ಷ ಪೌಂಡ್ ತೆತ್ತಿತು. ಮಧ್ಯವರ್ತಿ ಮಾಡಿದ ತಪ್ಪಿಗೆ ಪರವಾನಗಿ ಪಡೆದವನೇ ಹೊಣೆ ಎಂಬುದು ಆಯೋಗದ ನಿಲುವು. ಈ ತಲೆನೋವೇ ಬೇಡವೆಂದು ಸ್ಕೈ ಬೆಟ್ ತನ್ನ ಬ್ರಿಟನ್ ಅಫಿಲಿಯೇಟ್ ವ್ಯವಸ್ಥೆಯನ್ನೇ 2017ರಲ್ಲಿ ಮುಚ್ಚಿತು. ನಿಯಮ ಪಾಲಿಸಿದ್ದ ಅಫಿಲಿಯೇಟ್‌ಗಳು ಕೂಡ ಬೀದಿಗೆ ಬಿದ್ದರು.

ನಿಯಂತ್ರಕರ ಈ ಕ್ರಮ ಸರಿಯಾದದ್ದೇ. ಆದರೆ ಅದು ಮುಟ್ಟದೆ ಉಳಿಸಿದ ಭಾಗ ಹೆಚ್ಚು ಮುಖ್ಯವಾದದ್ದು. ಸೋಲಿನಲ್ಲಿ ಪಾಲು ಎಂಬ ಲೆಕ್ಕಾಚಾರ ಇರುವವರೆಗೆ, ಮಿತಿಯಲ್ಲಿ ಆಡುವ ನೂರು ಮಂದಿಗಿಂತ ಮಿತಿ ಮೀರಿದ ಒಬ್ಬನೇ ಅಫಿಲಿಯೇಟ್‌ಗೆ ಹೆಚ್ಚು ಲಾಭದಾಯಕ. ಜೂಜಿನ ಚಟ ಬಿಡಲು ಬಯಸುವವರು ಪರವಾನಗಿ ಪಡೆದ ಎಲ್ಲ ತಾಣಗಳಿಂದಲೂ ತಮ್ಮನ್ನು ತಾವೇ ಹೊರಗಿಟ್ಟುಕೊಳ್ಳಲು ಬ್ರಿಟನ್ನಿನಲ್ಲಿ 2018ರಿಂದ ಗ್ಯಾಮ್‌ಸ್ಟಾಪ್ ಎಂಬ ವ್ಯವಸ್ಥೆ ಇದೆ. ‘ಗ್ಯಾಮ್‌ಸ್ಟಾಪ್‌ಗೆ ಸೇರದ ಕ್ಯಾಸಿನೊಗಳು’ ಎಂಬ ಪಟ್ಟಿಗಳನ್ನೇ ಪ್ರಕಟಿಸಿ ಹೊಟ್ಟೆ ಹೊರೆಯುವ ಅಫಿಲಿಯೇಟ್ ತಾಣಗಳು ಹುಟ್ಟಿಕೊಂಡಿವೆ. ಬಿಡಲು ಹೊರಟವನನ್ನು ಹುಡುಕಿ ಮರಳಿ ಕೂರಿಸುವ ಕೆಲಸ ಇದು. ಪರವಾನಗಿ ಇಲ್ಲದ ಆ ಕ್ಯಾಸಿನೊಗಳು ಬ್ರಿಟನ್ನಿಗೆ ತೆರಿಗೆ ಕಟ್ಟುವುದಿಲ್ಲ. ಆದ್ದರಿಂದ ಹೆಚ್ಚು ಕಮಿಷನ್ ಕೊಡಬಲ್ಲವು. ಶೇ 40ರ ತೆರಿಗೆಯಿಂದ ಪಾಲು ಕರಗಿದ ಅಫಿಲಿಯೇಟ್‌ಗಳಲ್ಲಿ ಎಷ್ಟು ಮಂದಿ ಅತ್ತ ಹೊರಳುತ್ತಾರೆ ಎಂಬುದು ಬ್ರಿಟಿಷ್ ಸರ್ಕಾರ ಕಣ್ಣಿಡಬೇಕಾದ ವಿಷಯ.

ಭಾರತದಲ್ಲಿ ದೂರಿಗೆ ಜಾಗವಿಲ್ಲ

ಭಾರತಕ್ಕೆ ಬಂದರೆ ಚಿತ್ರವೇ ಬೇರೆ. ‘ಗೆಳೆಯನನ್ನು ಸೇರಿಸಿ, ಬೋನಸ್ ಪಡೆಯಿರಿ’ ಎಂಬ ಆಹ್ವಾನವನ್ನು ರಮ್ಮಿ ಮತ್ತು ಫ್ಯಾಂಟಸಿ ಕ್ರಿಕೆಟ್ ಆ್ಯಪ್‌ಗಳಲ್ಲಿ ಕಂಡವರು ಕರ್ನಾಟಕದಲ್ಲೂ ಲಕ್ಷಗಟ್ಟಲೆ ಇದ್ದಾರು. ಅದು ಇದೇ ಅಫಿಲಿಯೇಟ್ ಪದ್ಧತಿಯ ಚಿಲ್ಲರೆ ರೂಪ. ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು 2021ರಲ್ಲಿ ಇಂತಹ ಆಟಗಳನ್ನು ನಿಷೇಧಿಸಿದರೂ, ಕೌಶಲದ ಆಟವನ್ನು ಜೂಜಿನೊಂದಿಗೆ ಸೇರಿಸಲಾಗದು ಎಂದು ಹೈಕೋರ್ಟ್ 2022ರ ಫೆಬ್ರುವರಿ 14ರಂದು ಆ ನಿಷೇಧವನ್ನು ರದ್ದುಪಡಿಸಿತು. ಬೆಂಗಳೂರಿನ ಎಂಪಿಎಲ್, ಗೇಮ್ಸ್‌ಕ್ರಾಫ್ಟ್‌ನಂತಹ ಕಂಪೆನಿಗಳಿಗೆ ಅದರಿಂದ ಸಿಕ್ಕ ಉಸಿರು 2025ರ ಆಗಸ್ಟ್‌ವರೆಗೆ ಬಾಳಿತು. ಆ ತಿಂಗಳ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರ ಕಾಯ್ದೆ ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕಂಪೆನಿಗಳು ಹಣದ ಆಟಗಳನ್ನು ನಿಲ್ಲಿಸಿದವು. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟ್ ಸೇರಿದಂತೆ ವಿವಿಧ ಹೈಕೋರ್ಟ್‌ಗಳಲ್ಲಿ ಸಲ್ಲಿಕೆಯಾದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರ್‌ನಲ್ಲಿ ತನಗೆ ವರ್ಗಾಯಿಸಿಕೊಂಡಿತು.

ಕಾಯ್ದೆ ಆಟಗಾರನನ್ನು ಶಿಕ್ಷಿಸುವುದಿಲ್ಲ. ಆಟ ನಡೆಸುವವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ನೀಡುವವನಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ. ಅಫಿಲಿಯೇಟ್ ಮಾಡುವ ಕೆಲಸ ಈ ಎರಡನೆಯ ಕಂಬಿಯ ಹಿಂದೆ ಬೀಳುತ್ತದೆ. ವಿದೇಶಿ ಬೆಟ್ಟಿಂಗ್ ಕಂಪೆನಿಗಳು ಸುದ್ದಿತಾಣಗಳ ಮುಖವಾಡ ತೊಟ್ಟು ಪ್ರಚಾರ ಮಾಡುತ್ತಿವೆ ಎಂದು ಕೇಂದ್ರ ವಾರ್ತಾ ಸಚಿವಾಲಯ 2022ರಲ್ಲೇ ಎಚ್ಚರಿಸಿತ್ತು. ಮಹಾದೇವ್ ಆ್ಯಪ್ ಪ್ರಕರಣದಲ್ಲಿ ಸ್ಥಳೀಯ ‘ಪ್ಯಾನಲ್’ಗಳನ್ನು ಶೇ 70–30ರ ಲಾಭ ಹಂಚಿಕೆಯಲ್ಲಿ ನಡೆಸಲು ಕೊಡಲಾಗುತ್ತಿತ್ತು ಎಂದು ಜಾರಿ ನಿರ್ದೇಶನಾಲಯ ಹೇಳಿದೆ. ಹೆಸರು ಬೇರೆಯಾದರೂ ಆಟಗಾರನನ್ನು ತಂದವನಿಗೆ ಸೋಲಿನಲ್ಲಿ ಪಾಲು ಎಂಬ ಲೆಕ್ಕ ಒಂದೇ.

ಇಂತಹ ಕಮಿಷನ್ ಬಾಕಿ ಉಳಿದರೆ ಕೇಳುವುದು ಎಲ್ಲಿ? 1872ರ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಬಾಜಿಯ ಕರಾರು ಅನೂರ್ಜಿತ. ಗೆದ್ದ ಹಣಕ್ಕಾಗಿ ದಾವೆ ಹೂಡುವಂತಿಲ್ಲ. ಆದರೆ ಬಾಜಿಗೆ ಪೂರಕವಾದ ಬೇರೆ ಕರಾರುಗಳ ಕತೆ ಏನು ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1959ರಲ್ಲಿ ಗೇರುಲಾಲ್ ಪಾರಖ್ ಪ್ರಕರಣದಲ್ಲಿ ಉತ್ತರ ನೀಡಿತ್ತು. ಹಾಪುರದ ವರ್ತಕರೊಂದಿಗೆ ಗೋಧಿ ಬೆಲೆಯ ಮೇಲೆ ಬಾಜಿ ಕಟ್ಟಲು ಇಬ್ಬರು ಪಾಲುದಾರರಾಗಿದ್ದರು. ನಷ್ಟವಾದಾಗ ಒಬ್ಬ ಪೂರ್ತಿ ಹಣ ತೆತ್ತು ಇನ್ನೊಬ್ಬನಿಂದ ಅರ್ಧ ಕೇಳಿದ. ಬಾಜಿ ಅನೂರ್ಜಿತವಾದರೂ ಕಾನೂನುಬಾಹಿರವಲ್ಲ, ಆದ್ದರಿಂದ ಅವರಿಬ್ಬರ ನಡುವಿನ ಪಾಲುದಾರಿಕೆ ಊರ್ಜಿತ ಎಂದು ನ್ಯಾಯಾಲಯ ಹೇಳಿತು. ಅಫಿಲಿಯೇಟ್ ಒಪ್ಪಂದವೂ ಬಾಜಿಯಲ್ಲ, ಬಾಜಿಗೆ ಪೂರಕವಾದ ಕರಾರು. 2025ಕ್ಕೆ ಹಿಂದಿನ ಬಾಕಿಗಳಿಗೆ ಈ ತೀರ್ಪಿನ ಆಸರೆಯಲ್ಲಿ ವಾದಿಸಲು ಒಂದಿಷ್ಟು ಎಡೆ ಇದೆ. ಆಟವೂ ಅಪರಾಧ, ಅದರ ಪ್ರಚಾರವೂ ಅಪರಾಧ ಎಂದು ಹೊಸ ಕಾಯ್ದೆ ಸಾರಿದ ಮೇಲೆ ಆ ಎಡೆಯೂ ಮುಚ್ಚುತ್ತದೆ. ಕಾನೂನುಬಾಹಿರ ಉದ್ದೇಶದ ಕರಾರು ಅದೇ 1872ರ ಕಾಯ್ದೆಯ 23ನೇ ಕಲಂ ಅನ್ವಯ ಅನೂರ್ಜಿತ.

ವಿದೇಶಿ ಬೆಟ್ಟಿಂಗ್ ತಾಣದ ಪ್ರೊಮೊ ಕೋಡ್ ಹಂಚಿ ದುಡಿಯುವ ಇಲ್ಲಿನ ಟೆಲಿಗ್ರಾಂ ಚಾನೆಲ್‌ನವನ ಸ್ಥಿತಿ ಇದರಿಂದ ವಿಚಿತ್ರವಾಗಿದೆ. ಕುರಸಾವ್ ದ್ವೀಪದಲ್ಲಿ ನೋಂದಣಿಯಾದ ಕಂಪೆನಿ ಕಮಿಷನ್ ಕೊಡದಿದ್ದರೆ ಅವನು ಪೊಲೀಸರ ಬಳಿಗೆ ಹೋಗುವಂತಿಲ್ಲ, ನ್ಯಾಯಾಲಯಕ್ಕೂ ಹೋಗುವಂತಿಲ್ಲ. ವಕೀಲರ ಮೂಲಕ ನೋಟಿಸು ಕಳುಹಿಸಿದರೆ, ಎಷ್ಟು ಜನರನ್ನು ಯಾವ ದಿನ ಕರೆತಂದೆನೆಂದು ಅದರಲ್ಲಿ ಬರೆಯಬೇಕಾಗುತ್ತದೆ. ಆ ಕಾಗದ ಅವನ ಬಾಕಿಯ ಲೆಕ್ಕವಾಗುವುದಕ್ಕಿಂತ ಮೊದಲು ಅವನ ಮೇಲಿನ ಆರೋಪಪಟ್ಟಿಗೆ ಸಾಕ್ಷ್ಯವಾಗುತ್ತದೆ ಎಂಬುದು ಕಂಪೆನಿಗೂ ಗೊತ್ತು.